ಡಾಕ್ಟರು ಕೇಳಿದ ದನಿ

ನನ್ನ ತಮ್ಮ, ಅಮ್ಮನ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿದಾಗ ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಓಡಿಹೋಗಿ ಬಿಡಿಸಲು ನೋಡಿದೆ. ಅವನ ಮೊಣಕೈ ನನ್ನ ಬಾಯಿಗೆ ಬಿತ್ತು, ಮುಂದಿನ ಎರಡು ಹಲ್ಲು ಹೋದವು. "ಗಂಜಿಗೆ ವಿಷ ಹಾಕಿದ್ದಾಳೆ" ಎಂದು ಅವನು ಕಿರುಚುತ್ತಲೇ ಇದ್ದ.

ಎಪ್ಪತ್ತರ ದಶಕದ ಕೊನೆ. ಅವನಿಗೆ ಹದಿನೇಳು. ಎಸೆಸೆಲ್ಸಿ ಮುಗಿಸಿ ಬೈಕಂಪಾಡಿಯ ಒಂದು ವರ್ಕ್‌ಶಾಪಿಗೆ ಸೇರಿದ್ದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು.

ಮನೆಯಲ್ಲಿ ಸೋದರಮಾವ ಹೇಳಿದ್ದೇ ಆಗಬೇಕು. "ಇವನಿಗೆ ಎಂತ ಮರ್ಲೂ ಇಲ್ಲ, ಹುಚ್ಚೂ ಇಲ್ಲ, ಸೊಕ್ಕು. ನಾಲ್ಕು ಬಾರಿಸಿದರೆ ಇಳೀತದೆ" ಎಂದರು. ಅಮ್ಮ ಒಡೆದ ಹಣೆಗೆ ಬಟ್ಟೆ ಒತ್ತಿಕೊಂಡು, "ಒಮ್ಮೆ ಡಾಕ್ಟ್ರಿಗೆ ತೋರಿಸುವಾ" ಎಂದಳು. ನಾನು ಅವನನ್ನು ಕಾವೂರಿನಿಂದ ಬಸ್ಸಿನಲ್ಲಿ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಘಟ್ಟದ ಮೇಲಿನವರು, ತುಳು ಬಾರದು. ತಮ್ಮ ತಲೆ ತಗ್ಗಿಸಿ ಕೂತ. ಅವರು ನನ್ನನ್ನೇ ಕೇಳಿದರು: "ಇವನಿಗೆ ದನಿಗಳು ಕೇಳ್ತವೇನಮ್ಮ?"

ನಮ್ಮಲ್ಲಿ ಧನಿಗಳು ಎಂದರೆ ಯಜಮಾನರು. ಕಿವಿಗೆ ಎರಡೂ ಒಂದೇ. ವರ್ಕ್‌ಶಾಪಿನ ಧನಿಗಳು ಇವನನ್ನು ಜೋರು ಮಾಡಿ ಏನಾದರೂ ಕೇಳುತ್ತಾರೆಯೇ ಎಂದು ವಿಚಾರಿಸುತ್ತಿದ್ದಾರೆ ಅಂದುಕೊಂಡೆ.

"ಇಲ್ಲ ಡಾಕ್ಟ್ರೇ, ಎಂತ ಕೇಳುದಿಲ್ಲ. ಒಳ್ಳೆ ಜನ."

ಅವರು ನನ್ನ ಮುಖ ನೋಡಿದರು. ಹೊರಗೆ ಉದ್ದ ಸಾಲಿತ್ತು. ನಿದ್ದೆಯ ಮಾತ್ರೆ ಬರೆದು ಕಳಿಸಿದರು.

ಗೇಟಿನ ಹತ್ತಿರ ತಮ್ಮ ನಿಂತ. "ಅಕ್ಕ, ಅವರು ಕೇಳಿದ್ದು ನಮ್ಮ ಧನಿಗಳ ವಿಷಯ ಅಲ್ಲ. ಕಿವಿಯೊಳಗೆ ಯಾರಾದ್ರೂ ಮಾತಾಡ್ತಾರಾ ಅಂತ. ಮಾತಾಡ್ತಾರೆ. ಈಗಲೂ ಬೈತಾ ಇದ್ದಾರೆ. ವಾಪಸ್ ಹೋಗಿ ಹೇಳುವಾ."

"ನೀನೇ ಹೇಳ್ಬಹುದಿತ್ತಲ್ಲ?"

"ನಿನ್ನ ಎದುರು ಹೇಗೆ ಹೇಳುದು? ನೀನು ಮಾವನಿಗೆ ಹೇಳುದಿಲ್ವಾ?"

ಹೇಳುತ್ತಿದ್ದೆ, ನಿಜ. ಆ ಕೋಣೆಯಲ್ಲಿ ನನ್ನನ್ನು ಹೊರಗೆ ಕಳಿಸಿ, ಅವನನ್ನು ತುಳುವಿನಲ್ಲಿ ವಿಚಾರಿಸುವ ಒಬ್ಬರಿದ್ದಿದ್ದರೆ ಸಾಕಿತ್ತು. ಇರಲಿಲ್ಲ, ಇದ್ದದ್ದು ನಾನು. ನಾನು ತಿರುಗಿ ಹೋಗಲಿಲ್ಲ. ಸಾಲಿನಲ್ಲಿ ನೆರೆಮನೆಯ ಹೆಂಗಸು ನಿಂತಿದ್ದಳು. ಅದಕ್ಕಿಂತಲೂ, ದಡ್ಡಿ ಎಂದು ಡಾಕ್ಟರು ನಕ್ಕಾರು ಎಂಬ ನಾಚಿಕೆ. "ಬಸ್ಸು ತಪ್ತದೆ ಮಾರಾಯ, ನಡಿ" ಎಂದು ಅವನ ಕೈ ಹಿಡಿದು ಎಳೆದೆ.

ಮುಂದಿನ ವಾರ ಅವನು ಮೀನು ಕೊಯ್ಯುವ ಕತ್ತಿ ಹಿಡಿದು ಅಮ್ಮನನ್ನು ಅಟ್ಟಿಸಿಕೊಂಡು ಹೋದ. ಮಾವ ಹಿಂದಿನಿಂದ ಬಂದು ಕೆಡವಿದರು, ಕತ್ತಿ ಕಿತ್ತು ಬಿಸಾಡಿದರು, ಹಂಚಿನ ಮಾಡಿನ ಮುರಿದ ಪಕ್ಕಾಸಿನ ಮರದ ತುಂಡು ಎತ್ತಿಕೊಂಡರು. "ಕಾಲು ಹಿಡಿ!" ಎಂದು ನನಗೆ ಕೂಗಿದರು. ಹಿಡಿದೆ. ಬೆನ್ನಿಗೆ, ಹೆಗಲಿಗೆ, ಮತ್ತೆ ಮೊಣಕಾಲಿಗೆ ಪೆಟ್ಟು. "ಅಕ್ಕಾ, ಬುಡು" ಎಂದು ಅವನು ಗೋಗರೆದ. ನಾನು ಬಿಡಲಿಲ್ಲ. ಮೂಳೆ ಮುರಿದದ್ದು ನನ್ನ ಅಂಗೈಗೇ ಗೊತ್ತಾಯಿತು.

ಮುರಿದ ಕಾಲಿನ ಜೊತೆ ಅದೇ ಆಸ್ಪತ್ರೆಗೆ ಹೋದೆವು. ಆಗ ಎಲ್ಲವನ್ನೂ ಹೇಳಿದೆ. ಅವನನ್ನು ಅಲ್ಲೇ ಇಟ್ಟುಕೊಂಡರು. ಸರಿಯಾದ ಮದ್ದು ಸಿಕ್ಕಿದ ಮೇಲೆ ಕಿವಿಯೊಳಗಿನ ಬೈಗುಳಗಳು ನಿಧಾನವಾಗಿ ನಿಂತವು. ಕಾಲು ಮಾತ್ರ ಸೊಟ್ಟಗೆ ಕೂಡಿಕೊಂಡಿತು.

ಮನೆಗೆ ಬಂದವನು ಅಮ್ಮನ ಹತ್ತಿರ ನಗುತ್ತಿದ್ದ, ಮಾವನೊಂದಿಗೂ ಮಾತಾಡುತ್ತಿದ್ದ. ನಾನು ಗಂಜಿ ಬಡಿಸಲು ಬಗ್ಗಿದರೆ ಮಾತ್ರ ಆ ಸೊಟ್ಟ ಕಾಲನ್ನು ಎರಡೂ ಕೈಯಿಂದ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತಿದ್ದ.