ಬಣ್ಣದ ದಂಡಿಗೆ ಬುತ್ತಿ ಕಟ್ಟಿದ್ದು

ನಮ್ಮ ಊರಾಗ ಮಣ್ಣಂದ್ರ ಕರೀ ಮಣ್ಣು. ಅಳವಂಡಿ ಕಡೆ ಎಷ್ಟು ದೂರ ನೋಡಿದ್ರೂ ಎರಿ ಹೊಲ. ಮಳಿ ಬಿತ್ತಂದ್ರ ಕಾಲಿಗೆ ಹತ್ತಿದ್ದು ಬಿಡಲಾರದಂಥ ಮಣ್ಣು. ಅಂಥಾ ಊರಿಂದ ಚಕ್ಕಡ್ಯಾಗ ಮುಂಜಾನಿ ಹೊಂಟ್ರ ಮಧ್ಯಾನ್ನಕ್ಕ ಮುಟ್ಟೂವಷ್ಟು ದೂರ ಒಂದು ಕೆರಿ ಇತ್ತು. ಅದರ ಮೂಡಲ ದಂಡಿ ಮನಿಗಿಂತ ಎತ್ತರ, ಗ್ವಾಡಿ ಕಡಿದು ನಿಲ್ಲಿಸಿದಂಗ ನೆಟ್ಟಗ. ಮ್ಯಾಲ ಹಳದಿ, ಅದರ ಕೆಳಗ ಕೆಂಪು, ಅದರ ಕೆಳಗ ಸುಣ್ಣದಂಥ ಬಿಳುಪು, ನೀರಿನ ಹತ್ರ ಬದನಿಕಾಯಿ ಬಣ್ಣ. ಬಣ್ಣದ ದಂಡಿ ಅಂತ ಅದಕ್ಕ ಹೆಸರು. ಮಾರ್ನಮಿ ಹತ್ರ ಬಂತಂದ್ರ ಸುತ್ತಲಿನ ಹೆಣಮಕ್ಕಳು ಅಲ್ಲಿಂದ ಮಣ್ಣು ತಂದು ಗ್ವಾಡಿ ಸಾರಿಸಿ, ಬುಡಕ್ಕ ಕ್ಯಾಮಣ್ಣಿನ ಪಟ್ಟಿ ಎಳೀತಿದ್ರು.

ನಾ ಮದುವಿ ಆಗಿ ಬಂದಾಗಿಂದ ಅದನ್ನ ನೋಡಬೇಕಂತ ಬಡಕೊಂಡೆ. ಮೊದಲ ಹೊಸಾ ಸೊಸಿ, ಹೊರಗ ಹೋಗಬಾರದು. ಆಮ್ಯಾಲ ಬಸರಿ, ನೀರಿನ ಹತ್ರ ಹೋಗಬಾರದು. ಹಡೆದ ಮ್ಯಾಲ ಬಾಣಂತಿ, ಗಾಳಿಗೆ ಹೋಗಬಾರದು. ನಮ್ಮ ಸೀಮ್ಯಾಗ ಬೆಳಿಗೆ ಬರ ಬಂದ್ರೂ ನಮ್ಮತ್ತಿ ಬಾಯಾಗ ‘ಬಾರದು’ಕ್ಕ ಬರ ಬರತಿರಲಿಲ್ಲ. ಕಡೀಕ ಒಂದು ಸಂಜಿಮುಂದ ನಮ್ಮ ಮನಿಯವರು ಕಟ್ಟಿ ಮ್ಯಾಲ ಕುಂತು, ಕೂಸನ್ನ ತೊಡಿ ಮ್ಯಾಲ ಹಾಕ್ಕೊಂಡು, "ಇಕಿಗೆ ಕುಂಡ್ರಾಕ ಬರಲಿ, ಮೂರೂ ಮಂದಿ ಹೋಗೂಣು. ಇಕಿಗೆ ಕೆರಿ ತೋರಸೂಣು," ಅಂದ್ರು.

"ಕುಂಡ್ರಾಕ ಬರೂತನಕ ಯಾಕ ಕಾಯಬೇಕು? ಹೊತ್ಕೊಂಡು ಹೋದ್ರ ಆತಲ್ಲ," ಅಂದೆ.

"ಮಲಕ್ಕೊಂಡಾಕಿಗೆ ಏನು ಕಾಣತೈತಿ, ಮುಗಿಲು ಕಾಣತೈತಿ. ಕುಂತು ನೋಡಬೇಕು ಕೆರೀನ," ಅಂದ್ರು, ಹತ್ತು ಮಕ್ಕಳನ್ನ ಸಾಕಿದವರಂಗ. ನನಗ ನಗು ತಡಿಯಾಕ ಆಗಲಿಲ್ಲ.

ಕೂಸಿಗೆ ಕುಂಡ್ರಾಕ ಬರಲಿಲ್ಲ. ಜ್ವರ ಬಂತು. ಆ ವರ್ಷ ಊರ ತುಂಬ ಜ್ವರ. ಹಣಿಗೆ ಮಠದ ಅಂಗಾರ ಹಚ್ಚಿದ್ರು, ಕೊಪ್ಪಳದ ದವಾಖಾನಿಂದ ಬಾಟ್ಲ್ಯಾಗ ಔಷಧ ತಂದ್ರು. ಕೂಸು ಹೋತು.

ನಮ್ಮ ಮಂದ್ಯಾಗ ದೊಡ್ಡವರು ಹೋದ್ರ ಕುಂಡ್ರಿಸಿ ಮಣ್ಣು ಮಾಡ್ತಾರ. ಸಣ್ಣ ಕೂಸಿಗೆ ಅದೆಲ್ಲ ಇಲ್ಲ, ಮಲಗಿಸಿ ಮುಚ್ಚಿ ಬರೂದು. ಅಪ್ಪ ಒಬ್ಬನ ಹೊತ್ಕೊಂಡು ಹೋಗಬೇಕು. ಎಲ್ಲಿ ಇಟ್ಟೆ ಅಂತ ಅವ ಯಾರ ಮುಂದೂ ಬಾಯಿ ಬಿಡಬಾರದು, ಅದರಾಗೂ ಹಡೆದಾಕಿ ಮುಂದ. ಹಡೆದಾಕಿ ಕಣ್ಣು ಆ ಕುಣಿ ಮ್ಯಾಲ ಬಿದ್ರ ಮುಂದ ಹೊಟ್ಟಿ ನಿಲ್ಲೂದಿಲ್ಲ ಅಂತಿದ್ರು. ಈಗ ಇದನ್ನ ಹೇಳಿದ್ರ ನನ್ನ ಮಕ್ಕಳು ನಗ್ತಾರ. ನಗಲಿ, ಅವರಿಗೇನು ಗೊತ್ತು. ನಮ್ಮತ್ತಿ ಹಡೆದ ಕೂಸುಗಳೂ ಕೆಲವು ಹಂಗ ಹೋಗಿದ್ವು. ಅವು ಎಲ್ಲಿ ಅದಾವ ಅಂತ ಅಕಿಗೆ ಗೊತ್ತಿರಲಿಲ್ಲ, ಅಕಿ ಕೇಳಿರಲೂ ಇಲ್ಲ. ಊರ ಕೂಸುಗಳೆಲ್ಲಾ ಹಳ್ಳದ ಮಗ್ಗಲಾಗ ಹೋಗೂದು. ನಂದೂ ಅಲ್ಲೇ ಹೋಗೈತಿ ಅಂತ ಎಲ್ಲಾರೂ ತಿಳಕೊಂಡ್ರು.

ಆದರ ಹಳ್ಳ ಅಂದ್ರ ಒದರಿದ್ರ ಕೇಳೂವಷ್ಟು ಹತ್ರ. ಬೆಳಕು ಹರಿಯೂ ಮುಂದ ಕೂಸನ್ನ ಹೊತ್ಕೊಂಡು ಹೋದ ನಮ್ಮ ಮನಿಯವರು ತಿರುಗಿ ಬಂದಾಗ ದನ ಮನಿಗೆ ಬಂದಿದ್ವು. ಬಂದವರು ನೆಟ್ಟಗ ಬಾವಿಗೆ ಮೈ ತೊಳಕೊಳ್ಳಾಕ ಹೋದ್ರು. ಉಟ್ಟು ಬಿಟ್ಟ ಧೋತರ ಹಿತ್ತಲ ಕಲ್ಲಿನ ಮ್ಯಾಲ ಬಿದ್ದಿತ್ತು. ಅದರ ಅಂಚಿಗೆ ಹಳದಿ ಮಣ್ಣು, ಕೆಂಪು ಮಣ್ಣು, ಒಂದು ಕಡೆ ಬದನಿಕಾಯಿ ಬಣ್ಣ ಹತ್ತಿತ್ತು. ಆ ಬಣ್ಣ ನಮ್ಮ ಸೀಮ್ಯಾಗ ಇರೂದು ಒಂದ ಕಡೆ. ನನ್ನ ಕೂಸು ಅಲ್ಲಿ ಐತಿ ಅಂತ ನನಗ ನಿಂತಲ್ಲೇ ಗೊತ್ತಾತು. ನಮ್ಮತ್ತಿ ಅದನ್ನ ನೋಡೂ ಮುಂಚೆ ನೀರಾಗ ಅದ್ದಿದೆ.

ಅಲ್ಲಿಂದ ಮುಂದ ನಾ ಅಳಲಿಲ್ಲ. ಅಳಸಾಕ ಮಂದಿ ಭಾಳ ನೋಡಿದ್ರು. ಓಣಿ ಹೆಣಮಕ್ಕಳು ಬಂದು ನನ್ನ ಕೊರಳಿಗೆ ಬಿದ್ದು, ಹಾಡ್ಯಾಡಿ ಅತ್ರು. ನಾ ಅವರ ಸೆರಗಿನ ವಾಸನಿ ಕುಡಕೋತ, ಯಾವಾಗ ಬಿಡ್ತಾರೋ ಅಂತ ಕುಂತಿದ್ದೆ. ಎದಿಗೆ ಬಟ್ಟಿ ಬಿಗಿದು ಕಟ್ಟಿದ್ರು, ಹಾಲು ನಿಂತಿತು. ಅದೂ ಯಾರದೋ ಮೈಯಾಗ ಆದಂಗ ಆತು. ಎದ್ದು ರೊಟ್ಟಿ ಬಡಿಯಾಕ ಕುಂತೆ. ಒಂದಿನ ನನ್ನ ನಾದಿನಿ, ಇನ್ನೂ ಮದುವಿ ಆಗಲಾರದ ಹುಡುಗಿ, "ಅಯ್ಯ ಅತ್ತಿಗಿ, ಕೈ! ಕೈ!" ಅಂತ ಒದರಿದ್ಲು. ನೋಡ್ತೀನಿ, ಕೈ ಹಂಚಿನ ಮ್ಯಾಲ ಇತ್ತು. ತಗದೆ. ಬೊಬ್ಬಿ ಎದ್ದಿತು, ಆರಿತು.

"ಕಲ್ಲಾಗ್ಯಾಳ," ಅಂತ ನನ್ನ ಮುಂದ ಅಂದ್ರು. ಸಿಟ್ಟು ಸುದ್ದಾ ಬರಲಿಲ್ಲ. ಹುಟ್ಟಿದಾಗಿಂದ ಮೂಗಿನ ತುದ್ಯಾಗ ಸಿಟ್ಟು ಇಟ್ಕೊಂಡಾಕಿ ನಾನು. ನಮ್ಮವ್ವ ಕೇಳಿದ್ರ ನಂಬ್ತಿರಲಿಲ್ಲ. ನಮ್ಮ ಮನಿಯವರು ಮಾತು ಬಿಟ್ಟರು. ಊಟಕ್ಕ ನೀಡಿದ್ರ ಉಣ್ಣೂದು, ಹೊಲಕ್ಕ ಹೋಗೂದು, ಅಷ್ಟ. ನನ್ನ ಮಾರಿ ನೋಡ್ತಿರಲಿಲ್ಲ. ನನಗ ಬೇಕಾದ್ದು ಒಂದ ಇತ್ತು. ಆ ಜಾಗಾ ನೋಡಬೇಕು. ನೋಡಿ ಏನು ಮಾಡ್ತಿ ಅಂದ್ರ ಗೊತ್ತಿಲ್ಲ. ನೋಡಬೇಕು.

ಮಾರ್ನಮಿ ಬಂತು. ನಮ್ಮತ್ತಿ ಗ್ವಾಡಿ ನೋಡಿ, "ಈ ವರ್ಷ ಎದರ ಸುಣ್ಣ, ಎದರ ಬಣ್ಣ, ಬಿಡು ಅತ್ಲಾಗ," ಅಂದ್ಲು.

ನಾ ಅಂದೆ, "ಬಣ್ಣದ ದಂಡಿಗೆ ಹೋಗೂಣ್ರಿ ಅತ್ತಿ. ಮಣ್ಣು ತರೂಣು."

ಜ್ವಾಳ ಹಸನ ಮಾಡಕೋತ ಕುಂತಾಕಿ ಕೈಯಾಗಿನ ಕೇರೂ ಮರ ಹಂಗ ನಿಂತಿತು. ಅಷ್ಟು ತಿಂಗಳಾದ ಮ್ಯಾಲ ನಾ ಇಂಥಾದ್ದು ಬೇಕು ಅಂತ ಬಾಯಿ ಬಿಟ್ಟದ್ದು ಅದ ಮೊದಲು. "ಹೋಗೂಣ ನನ್ನ ಮಗಳ, ಹೋಗೂಣ!" ಅಂದ್ಲು. ಅಂದಾಕಿನ ಓಣಿಗೆಲ್ಲ ಸಾರಿ ಬಂದ್ಲು, "ನನ್ನ ಸೊಸಿ ಬಾಯಿ ತೆರದ್ಲವ್ವಾ!" ಅಂತ. ಕೂಸು ಹಳ್ಳದ ಮಗ್ಗಲಾಗ ಐತಿ ಅಂತ ತಿಳಕೊಂಡಾಕಿ, ಪಾಪ, ಕೆರಿ ಗಾಳಿಗೆ ಸೊಸಿ ಮನಸ್ಸು ಹಗರ ಆಗತೈತಿ ಅಂದ್ಕೊಂಡ್ಲು.

ಮನ್ಯಾಗ ತಯ್ಯಾರಿ ಸುರು ಆತು. ಲಡಾಯಿ ಕಾಲ, ಚಿಮಣಿ ಎಣ್ಣಿಗೆ ತ್ರಾಸ, ಬೆಲ್ಲಕ್ಕ ತ್ರಾಸ. ಆದ್ರೂ ನಮ್ಮತ್ತಿ ಎಲ್ಲೆಲ್ಲೋ ಬೆಲ್ಲ ಹುಟ್ಟಿಸಿ ಕರ್ಚಿಕಾಯಿ ಮಾಡೇ ಮಾಡ್ತೀನಂದ್ಲು. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮಸರನ್ನ. "ಮಣ್ಣು ತರಾಕ ಹೊಂಟೀವೋ, ಬೀಗರ ಊಟಕ್ಕೋ?" ಅಂತ ನಾದಿನಿ ಕಾಡಿಸಿದ್ಲು. "ನಿಂದು ನೀ ನೋಡ್ಕೋ, ಕೆರೀ ದಂಡಿಗೆ ಹಸರು ಇಳಕಲ್ ಸೀರಿ ಬೇಕಂತ ಕುಣದಾಕಿ ಯಾರು?" ಅಂತ ನಮ್ಮತ್ತಿ ತಿರುಗಿ ಅಂದ್ಲು. ಬುಟ್ಟಿ ಎಷ್ಟು ಒಯ್ಯಬೇಕು, ಚಕ್ಕಡಿಗೆ ಕಮಾನು ಕಟ್ಟಬೇಕೋ ಬ್ಯಾಡೋ, ಕುಡಿಯಾಕ ಕೆರಿ ನೀರ ಆಗತೈತೋ ಕೊಡ ಒಯ್ಯಬೇಕೋ, ದಿನಾ ಒಂದು ಪಂಚಾಯ್ತಿ. ನಾ ಯಾರದೋ ಮನಿ ಮದುವಿ ಸುದ್ದಿ ಕೇಳಿದಂಗ ಕೇಳಕೋತ ಕುಂಡ್ರತಿದ್ದೆ. ಕೇಳಿದ್ದಕ್ಕ ಹ್ಞೂಂ ಅಂತಿದ್ದೆ.

ಅಡ್ಡ ಬಂದವರು ಒಬ್ಬರ. "ಎತ್ತಿನ ಗೊರಸು ಬಿರದೈತಿ," ಅಂದ್ರು ನಮ್ಮ ಮನಿಯವರು. ಗೊರಸಿಗೆ ಎಣ್ಣಿ ಹಚ್ಚಿ ನಮ್ಮತ್ತಿ ವಾಸಿ ಮಾಡಿದ್ಲು. "ಮಳಿಗೆ ಹಾದಿ ಕೊಚ್ಚಿ ಹೋಗೈತಿ," ಅಂದ್ರು. ಆ ಹಾದ್ಯಾಗ ನಿನ್ನೆರ ಯಾರೋ ಚಕ್ಕಡಿ ಹೊಡಕೊಂಡು ಬಂದಿದ್ರು. ಆಮ್ಯಾಲ, "ಸರಕಾರಕ್ಕ ಕೊಡೂ ಲೆವಿ ಜ್ವಾಳ ಅಳಿಯಾಕ ಅವರ ಮಂದಿ ಬರೂವರದಾರ, ಮನ್ಯಾಗ ಗಂಡಸು ಇರಬೇಕು," ಅಂದ್ರು.

ನಮ್ಮತ್ತಿ ಸೊಂಟಕ್ಕ ಸೆರಗು ಸಿಗಿಸಿ ನಿಂತ್ಲು. "ಲೇ ಮೂಳಾ! ಎತ್ತಿಗೆ ಬ್ಯಾನಿ ಅಂದಿ, ಹಾದಿಗೆ ಬ್ಯಾನಿ ಅಂದಿ, ಈಗ ಸರಕಾರಕ್ಕ ಬ್ಯಾನಿ ಬಂತೇನು? ಕಟಗೊಂಡಾಕಿ ಬ್ಯಾನಿ ಮಾತ್ರ ನಿನ್ನ ಕಣ್ಣಿಗೆ ಕಾಣವಲ್ದು!"

ಅವರು ಎದ್ದು ದನದ ಕೊಟಗಿಗೆ ಹೋದ್ರು. ನಾ ಹಿಂದ ಹೋದೆ.

"ನಿನಗ ಅಲ್ಲಿ ಏನು ಕೆಲಸ?" ಅಂದ್ರು, ಎತ್ತಿನ ಬೆನ್ನು ಸವರಿಕೋತ.

"ಮಣ್ಣು ತರೂದು."

"ಮಣ್ಣು ನಾ ತಂದು ಹಾಕ್ತೀನಿ. ಬುಟ್ಟಿಗಟ್ಟಲೆ ತರ್ತೀನಿ."

"ನಾನ ತರಬೇಕ್ರಿ."

ಅವರು ನನ್ನ ಮಾರಿ ನೋಡಿದ್ರು. ಎಷ್ಟೋ ದಿನದ ಮ್ಯಾಲ ನೋಡಿದ್ರು. ನನಗ ಗೊತ್ತೈತಿ ಅನ್ನೂದು ಅವರಿಗೆ ಅವಾಗ ಹೊಳೀತೋ ಏನೋ. ಕೈ ಎತ್ತಿನ ಮ್ಯಾಲ ಹಂಗ ಇತ್ತು. "ಮುಂದ ಹೊಟ್ಟಿ..." ಅಂದು ನಿಲ್ಲಿಸಿದ್ರು. ನಾ ಅಂದೆ, "ನೀವು ಚಕ್ಕಡಿ ಹೂಡದಿದ್ರ ನಾ ನಡಕೊಂತ ಹೋಗ್ತೀನಿ." ಸಿಟ್ಟಿಲೆ ಅಂದಿದ್ದಲ್ಲ. ಇವತ್ತು ಸಜ್ಜಿರೊಟ್ಟಿ ಮಾಡ್ತೀನಿ ಅಂದಂಗ ಅಂದೆ.

ಮರುದಿನ ಚಕ್ಕಡಿ ಹೂಡಿದ್ರು.

ಹಾದಿ ತುಂಬ ನಾದಿನಿ ಹಾಡಿದ್ಲು, ನಮ್ಮತ್ತಿ ಅಕಿ ಹಾಡು ತಿದ್ದಿದ್ಲು. ನಮ್ಮ ಮನಿಯವರು ಹಿಂದ ತಿರುಗಿ ನೋಡಲಿಲ್ಲ. ಕರೀ ಹೊಲ ಮುಗಿದ್ವು, ಮರಡಿ ಬಂತು, ಮರಡಿ ಏರಿ ಇಳದ್ರ ಕೆರಿ. ನಾದಿನಿ "ಅಯ್ಯಯ್ಯ ನೋಡ ಅತ್ತಿಗಿ!" ಅಂತ ನನ್ನ ತೋಳು ಹಿಡಿದು ಅಳಗ್ಯಾಡಿಸಿದ್ಲು. ನೋಡಿದೆ. ಮಂದಿ ಹೇಳಿದಂಗ ಇತ್ತು. ಹಳದಿ, ಕೆಂಪು, ಬಿಳುಪು, ಬದನಿಕಾಯಿ ಬಣ್ಣ. ಬಿಸಲಿಗೆ ಅಷ್ಟೂ ಬಣ್ಣದ ನೆರಳು ನೀರಾಗ ಬಿದ್ದಿತ್ತು. ಸಣ್ಣಾಕಿದ್ದಾಗ ನಾ ಇದನ್ನ ನೋಡಿದ್ರ ಹುಚ್ಚಿ ಹಂಗ ಓಡ್ತಿದ್ದೆ. ಅವತ್ತು ಒಳಗ ಏನೂ ಅಳಗಾಡಲಿಲ್ಲ. ಇಷ್ಟ ಏನು, ಅನಿಸಿತು.

ಅದಕ್ಕಿಂತ ದೊಡ್ಡದು ಇನ್ನೊಂದು. ದಂಡಿ ಬುಡದ ತುಂಬ ಕುಣಿ. ಯಾವ್ಯಾವ ಊರಿನ ಹೆಣಮಕ್ಕಳೋ ವರ್ಷಾನುಗಟ್ಟಲೆ ಮಣ್ಣು ಅಗದು, ಎಲ್ಲಿ ನೋಡಿದ್ರಲ್ಲಿ ಗುಂಡಿ, ಗುಂಪಿ. ಅದರಾಗ ನನ್ನದು ಯಾವುದು? ಈ ವಿಚಾರ ನನಗ ಹಾದ್ಯಾಗ ಒಮ್ಮೆನೂ ಬಂದಿರಲಿಲ್ಲ. ಬಂದ್ರ ಸಾಕು, ಗೊತ್ತಾಗತೈತಿ, ಹಡೆದಾಕಿಗೆ ಗೊತ್ತಾಗಲಾರದ ಇರತೈತೇನು ಅಂದ್ಕೊಂಡಿದ್ದೆ. ಗೊತ್ತಾಗಲಿಲ್ಲ. ಬುಟ್ಟಿ ಹಿಡಕೊಂಡು ಒಂದೊಂದ ಗುಂಡಿ ನೋಡಕೋತ ಆ ಕಡಿಂದ ಈ ಕಡೆ ಅಡ್ಡಾಡಿದೆ. ನಮ್ಮ ಮನಿಯವರು ಎತ್ತಿಗೆ ನೀರು ಕುಡಿಸಿಕೋತ ದೂರ ನಿಂತಿದ್ರು, ಬೇಕಂತ ಬ್ಯಾರೆ ಕಡೆ ನೋಡಕೋತ. ಕೇಳಿದ್ರ ಹೇಳೂದಿಲ್ಲ, ಹೇಳಬಾರದು. ಹಿಂಗ ಬಂದಂಗ ಮನಿಗೆ ಹೋಗೂದ ಬಂತು ಅನಿಸಿತು. ಬುಟ್ಟಿ ಕೆಳಗ ಇಟ್ಟು ನಿಂತೆ.

ಮ್ಯಾಲ, ದಂಡಿ ನಡುವ, ಒಂದು ಮೆಟ್ಟಲಿನಂಥ ಜಾಗಾ ಇತ್ತು. ಅಲ್ಲಿ ಕ್ಯಾಮಣ್ಣು ಕುಂಕುಮದಂಗ ಕೆಂಪಗ. "ಛಲೋ ಮಣ್ಣು ಇಲ್ಲಿ ಐತಿ ನೋಡ್ರಿ, ಈ ಮಂದಿ ಕಣ್ಣಿಗೆ ಬಿದ್ದಿಲ್ಲ," ಅಂತ ನಮ್ಮತ್ತಿ ಉಸ್ಸಂತ ಏರಿ, ಗುದ್ದಲಿ ಎತ್ತಿದ್ಲು.

"ಯವ್ವಾ! ಅಲ್ಲಿ ಬ್ಯಾಡ!"

ಅಂಥಾ ದನಿ ನಾ ಅವರ ಬಾಯಾಗ ಎಂದೂ ಕೇಳಿರಲಿಲ್ಲ. ಎತ್ತಿನ ಹಗ್ಗ ಬಿಟ್ಟು ಓಡಿ ಬರತಿದ್ರು. ನಮ್ಮತ್ತಿ ಗುದ್ದಲಿ ಮುಗಿಲಿಗೆ ಹಿಡಿದಾಕಿ ಹಂಗ ನಿಂತ್ಲು. ಮಗನ್ನ ನೋಡಿದ್ಲು, ಕಾಲ ಕೆಳಗ ನೋಡಿದ್ಲು, ಆಮ್ಯಾಲ ನನ್ನ ನೋಡಿದ್ಲು. ಅಕಿಗೆ ತಿಳಿದದ್ದು ನನಗ ಕಂಡಿತು. ಬೈತಾಳ, ನನ್ನ ಕಣ್ಣು ಮುಚ್ಚಿ ಎಳಕೊಂಡು ಹೋಗ್ತಾಳ ಅಂದ್ಕೊಂಡೆ.

ಅಕಿ ಗುದ್ದಲಿ ಮೆಲ್ಲಕ ಇಳಿಸಿದ್ಲು. ಪಾದ ಎತ್ತಿ ಎತ್ತಿ ಇಟ್ಟು, ಆ ಮೆಟ್ಟಲು ಬಿಟ್ಟು ಕೆಳಗ ಬಂದ್ಲು. "ಬಿಸಲು ಕಣ್ಣಿಗೆ ಹೊಡದೈತಿ. ನನಗೇನೂ ಕಾಣವಲ್ದು, ನಾ ಏನೂ ನೋಡಿಲ್ಲ," ಅಂದ್ಲು. ಬೆಕ್ಕಸ ಬೆರಗಾಗಿ ನಿಂತಿದ್ದ ನಾದಿನಿ ರಟ್ಟಿ ಹಿಡಿದು, "ನಡಿ, ನೀರು ತರೂಣು," ಅಂತ ಎಳಕೊಂಡು ಹೋದ್ಲು. ಹೋಗೂ ಮುಂದ ನನ್ನ ತಲಿ ಮ್ಯಾಲ ಒಂದು ಸಲ ಕೈ ಇಟ್ಲು.

ನಾ ಏರಿ ಹೋದೆ. ಕೆಂಪು ಮಣ್ಣಾಗ ಒಂದು ಕಡೆ ಹಳದಿ ಮಣ್ಣು ಬೆರತಿತ್ತು. ಮ್ಯಾಲ ಒಂದು ಚಪ್ಪಟಿ ಕಲ್ಲು. ಕುಂತೆ. ಕೈ ಇಟ್ಟೆ. ಮಣ್ಣು ಬಿಸಲಿಗೆ ಕಾದು ಬೆಚ್ಚಗಿತ್ತು. ಅಷ್ಟ ಆತು. ಅಳು ಬರಲಿಲ್ಲ.

ಅವರು ಬಂದು ಹಿಂದ ನಿಂತ್ರು. ಓಡಿ ಬಂದದ್ದಕ್ಕ ತೇಕಕೋತ ಇದ್ರು.

"ಇಷ್ಟು ದೂರ ಯಾಕ ತಂದ್ರಿ?" ಅಂದೆ.

"ಕೆರಿ ತೋರಸ್ತೀನಿ ಅಂದಿದ್ದೆನಲ್ಲ," ಅಂದ್ರು.

ನಾ ಆ ಚಪ್ಪಟಿ ಕಲ್ಲಿನ ಮ್ಯಾಲ ಕೈ ಆಡಿಸಿದೆ.

"ಮಲಗಿಸಿಲ್ಲ," ಅಂದ್ರು. "ದೊಡ್ಡವರಿಗೆ ಮಾಡಿದಂಗ ಕುಂಡ್ರಿಸಿ ಇಟ್ಟೀನಿ. ಮಾರಿ ನೀರಿನ ಕಡೆ ಮಾಡಿ."

ಅವಾಗ ನನಗ ಅಳು ಬಂತು. ಬಂತಂದ್ರ ಹೊಟ್ಟ್ಯಾಗಿಂದ ಕಿತ್ಕೊಂಡು ಬಂತು, ಕೆರಿ ಆಚೆ ದಂಡಿಗೆ ಕೇಳೂವಂಗ ಅತ್ತೆ. ನಾದಿನಿ ಓಡಿ ಬರಾಕ ಎದ್ದಾಕಿನ್ನ ನಮ್ಮತ್ತಿ ಸೆರಗು ಹಿಡಿದು ಕುಂಡ್ರಿಸಿಕೊಂಡ್ಲು. ಬುತ್ತಿ ಬಿಚ್ಚಿ ಇಟ್ಟು, ನಮ್ಮ ಕಡೆ ಬೆನ್ನು ಮಾಡಿ ಕುಂತಾಕಿ ಉಣ್ಣಾಕ ಬರ್ರಿ ಅಂತ ಕರೀಲೇ ಇಲ್ಲ. ಅವರು ಬಂದು ನನ್ನ ಮಗ್ಗಲಾಗ ಕುಂತ್ರು. ಬಿಸಲು ಇಳಿಯೂತನಕ ನಾವು ಮೂರೂ ಮಂದಿ ಕೆರಿ ನೋಡಿಕೋತ ಕುಂತ್ವಿ.