ಟೈಟಾನಿಕ್ಕಿಗೆ ಲಾಟೀನು ಹಿಡಿದ ಮನೆ

ಬೆಳಗಿನ ಜಾವ. ಬಿಕ್ಕೋಡಿನಿಂದ ಸ್ವಲ್ಪ ಆಚೆ ಕೆರೆ ಏರಿಯ ಮೇಲೆ ರಸ್ತೆ ಇದೆ ಎಂದು ನಂಬಿಕೊಂಡು ಹೋಗಬೇಕು, ಕಣ್ಣಿಗಂತೂ ಕಾಣುವುದಿಲ್ಲ. ಒಂದು ಪಕ್ಕ ಹೊಂಗೆ ಮರಗಳ ಸಾಲು, ಇನ್ನೊಂದು ಪಕ್ಕ ಆಳದ ಕೆರೆ. ಎರಡನ್ನೂ ಮಂಜು ಒರೆಸಿ ಹಾಕಿದೆ. ಆ ಬಿಳುಪಿನೊಳಗೆ ಒಂದು ಹಳದಿ ಬೆಳಕು ಅತ್ತಿಂದಿತ್ತ ತೂಗುತ್ತಿದೆ. ಅದರ ಹಿಂದಿನಿಂದ ಒಂದು ಹೆಣ್ಣು ದನಿ, ಗಂಟಲು ಹರಿಯುವ ಹಾಗೆ: “ಮರದ ಕಡೀಕ್ ಹಿಡ್ಕಳಿ! ಮರದ ಕಡೀಕೆ! ಕೆರೆ ಕಡೆ ಬರಬ್ಯಾಡಿ!”

ಹಾಲಿನ ಗಾಡಿ ಆ ದನಿಯನ್ನು ಹಿಡಿದುಕೊಂಡು ಮೆಲ್ಲಗೆ ತೆವಳುತ್ತದೆ, ತಿರುವು ದಾಟಿದ ಮೇಲೆ ಪೀಂ ಪೀಂ ಎಂದು ಹಾರ್ನ್ ಹೊಡೆದು ಹೋಗುತ್ತದೆ. ಅದೇ ಅವರ ಥ್ಯಾಂಕ್ಸು. ಹಿಂದೆಯೇ ತೋಟದ ಆಳುಗಳನ್ನು ತುಂಬಿಕೊಂಡ ಜೀಪು, ಆಮೇಲೆ ಮಕ್ಕಳ ವ್ಯಾನು, ಕೊನೆಗೆ ಬೇಲೂರು ಬಸ್ಸು. ಪ್ರತಿಯೊಂದಕ್ಕೂ ಅದೇ ಕೂಗು, ಅದೇ ತೂಗು.

ದೀಪ ಹಿಡಿದವರು ದ್ಯಾವಮ್ಮ. ಐವತ್ತು ದಾಟಿದ ಜೀವ. ತಲೆಗೆ ಮಫ್ಲರ್, ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಅದರ ಮೇಲೆ ಕಂಬಳಿ. ಕೈಯಲ್ಲಿರುವುದು ಬ್ಯಾಟರಿ, ಆದರೆ ಈ ಮನೆಯಲ್ಲಿ ಅದಕ್ಕೂ ಲಾಟೀನೆಂದೇ ಹೆಸರು. ಬ್ಯಾಟರಿಯ ಬಾಯಿಗೆ ಅರಿಶಿನದಲ್ಲಿ ಅದ್ದಿ ಒಣಗಿಸಿದ ತೆಳು ಬಟ್ಟೆ ಕಟ್ಟಿದ್ದಾರೆ. “ಬಿಳೀ ಬೆಳಕು ಮಂಜಿಗೆ ಬಿದ್ರೆ ಎದುರಿಗೆ ಗೋಡೆ ಕಟ್ಟಿದಂಗೆ ಆಗ್ತೈತೆ. ಹಳದಿಯಾದ್ರೆ ಒಳಿಕ್ಕೆ ನುಗ್ತೈತೆ ಕಣಪ್ಪ” ಎನ್ನುತ್ತಾರೆ.

ನಾನು ಅರಸೀಕೆರೆಯವನು. ನಮ್ಮಲ್ಲಿ ಮಂಜು ಎಂದರೆ ತೆಂಗಿನ ಗರಿಯ ಮೇಲೆ ಒಂದು ಗಳಿಗೆ ಕೂತು, ಬಿಸಿಲು ಕಂಡೊಡನೆ ಎದ್ದು ಹೋಗುವ ನೆಂಟ. ಇಲ್ಲಿ ಅದು ಮನೆ ಅಳಿಯ. ಈ ವ್ಯತ್ಯಾಸ ಗೊತ್ತಿಲ್ಲದೆ ಹೋದ ತಿಂಗಳು ಗೆಳೆಯನ ಗೃಹಪ್ರವೇಶಕ್ಕೆಂದು ಬೈಕಿನಲ್ಲಿ ಜೋರಾಗಿ ಬಂದವನು, ಇವರು ಕೂಗದಿದ್ದರೆ ಇವತ್ತು ಈ ಲೇಖನ ಬರೆಯುತ್ತಿರಲಿಲ್ಲ. ಬೈಕು ನಿಂತಾಗ ಮುಂದಿನ ಚಕ್ರ ಏರಿಯ ಅಂಚಿನ ಹುಲ್ಲಿನ ಮೇಲಿತ್ತು. ದ್ಯಾವಮ್ಮ ನನ್ನ ಮುಖಕ್ಕೆ ಬೆಳಕು ಬಿಟ್ಟು ಕೇಳಿದರು: “ಏನಪ್ಪ, ಕೆರೆಗೆ ಬಾಗಿನ ಕೊಡಾಕ್ ಒಂಟಿದ್ಯಾ?”

ಈ ಏರಿಗೆ ತಡೆಗೋಡೆ ಮಂಜೂರಾಗಿದೆ ಎಂದು ಊರವರು ಬಹಳ ಕಾಲದಿಂದ ಹೇಳುತ್ತಾರೆ. ಮಂಜೂ ಇದೆ, ಮಂಜೂರೂ ಇದೆ, ಗೋಡೆ ಮಾತ್ರ ಇಲ್ಲ. ದ್ಯಾವಮ್ಮನಿಗೆ ಇಲ್ಲಿ ನಿಲ್ಲು ಎಂದು ಯಾರೂ ಹೇಳಿಲ್ಲ, ಸಂಬಳ ಕೊಡುವವರೂ ಇಲ್ಲ. ಮಂಜು ಕರಗಿದ ಮೇಲೆ ಕಂಬಳಿ ಮಡಿಚಿಟ್ಟು ಕಾಫಿ ಹಣ್ಣು ಕೊಯ್ಯುವ ಕೂಲಿಗೆ ಹೋಗುತ್ತಾರೆ. ಮತ್ತೆ ಇಲ್ಲಿ ಯಾಕೆ ನಿಲ್ಲುತ್ತೀರಿ ಎಂದು ಕೇಳಿದೆ. ಬಂದ ಉತ್ತರ ಕೇಳಿ, ಹೆದರಿಕೆಗೆ ನನ್ನ ಕಿವಿ ಕೆಟ್ಟಿತೇ ಅಂದುಕೊಂಡೆ.

“ಟೈಟಾನಿಕ್ ಮುಳುಗ್ತಲ್ಲ, ಅದಕ್ಕೇ.”

ಆ ಕಥೆಗೆ ನೂರು ವರ್ಷ ದಾಟಿದೆ. ದ್ಯಾವಮ್ಮನ ಮುತ್ತಾತ ಹಲಗಯ್ಯ ಇಲ್ಲಿನ ಒಂದು ಕಾಫಿ ತೋಟದಲ್ಲಿ ಬಿಳಿ ದೊರೆಯ ಹತ್ತಿರ ಆಳಾಗಿದ್ದ. ಒಂದು ವರ್ಷ ದೊರೆಯ ತಂಗಿ ವಿಲಾಯಿತಿಯಿಂದ ಬಂದು ಹಣ್ಣಿನ ಕಾಲ ಮುಗಿಯುವವರೆಗೆ ಉಳಿದಳು. ಹೆಸರು ಎಲೆನ್ನೋ ಎಲ್ಲಾನೋ, ಆಳುಗಳ ಬಾಯಲ್ಲಿ ಎಲ್ಲಮ್ಮ. ಹಲಗಯ್ಯನ ಹೆಂಡತಿಗೆ ಹೆರಿಗೆಯಾದಾಗ ಈ ಎಲ್ಲಮ್ಮ ತನ್ನ ಹೊದಿಕೆ ತಂದು ಬಾಣಂತಿಗೆ ಹೊದಿಸಿದಳಂತೆ. ಇವರ ಕೇರಿಗೆ ಹೊರಗಿನ ಹೆಂಗಸೊಬ್ಬಳು ಕಾಲಿಟ್ಟಿದ್ದು ಅದೇ ಮೊದಲು.

ಅವಳು ಹೊರಟಾಗಲೂ ಮಂಜಿನ ಕಾಲ. ಅರಸೀಕೆರೆಯಲ್ಲಿ ರೈಲು ಹತ್ತಬೇಕು. ಬೇಲೂರು, ಹಳೇಬೀಡು ದಾಟಿ ಅರಸೀಕೆರೆಯವರೆಗೂ ಹಲಗಯ್ಯ ಅವಳ ಗಾಡಿಯ ಮುಂದೆ ಲಾಟೀನು ಹಿಡಿದು ನಡೆದ. ಎತ್ತುಗಳು ಅವನ ಬೆನ್ನ ಹಿಂದೆಯೇ ಹೆಜ್ಜೆ ಹಾಕಿದವು. ರೈಲು ಹತ್ತಿಸಿ, ಕೈಮುಗಿದು ಬಂದ.

ಮುಂದೆ ಯಾವಾಗಲೋ ಅವಳು ಅಮೆರಿಕಕ್ಕೆ ಹೊರಟ ಹಡಗು ಮುಳುಗಿತು, ಅವಳೂ ಹೋದಳು ಎಂಬ ಸುದ್ದಿ ದೊರೆಗೆ ಬಂತು. ದೊರೆಯ ಬಟ್ಲರ್ ಆಳುಗಳಿಗೆ ಅದನ್ನು ಕನ್ನಡದಲ್ಲಿ ಹೇಳಿದ: ಹಡಗು ಮಂಜಿನ ಗುಡ್ಡಕ್ಕೆ ಹೊಡೀತು. ಬಿಕ್ಕೋಡಿನವರಿಗೆ ಮಂಜಿನ ಗುಡ್ಡ ಎಂದರೆ ಇನ್ನೇನು? ಬೆಳಗಾದರೆ ಮಂಜು ಮುಚ್ಚಿ ಕಾಣದೆ ಹೋಗುವ ಗುಡ್ಡ, ದಿನಾ ನೋಡುವಂಥದ್ದು. ಹಲಗಯ್ಯ ಅಲ್ಲೇ ಕುಸಿದು ಕೂತನಂತೆ. ಆಮೇಲೆ ದೊರೆಯನ್ನೇ ಕೇಳಿದನಂತೆ: “ಅಷ್ಟು ದೊಡ್ಡ ಹಡಗು ಸಾಮಿ, ಅದರ ಮುಂದೆ ಲಾಟೀನು ಹಿಡಿಯೋರು ಒಬ್ರೂ ಇರ್ಲಿಲ್ವಾ?”

ದೊರೆ ಎದ್ದು ಒಳಗೆ ಹೋದನಂತೆ.

ಮುಂದಿನ ಚಳಿಗಾಲದ ಮೊದಲ ಮಂಜಿಗೆ ಹಲಗಯ್ಯ ಲಾಟೀನು ಹಿಡಿದು ಈ ಏರಿಯ ಮೇಲೆ ನಿಂತ. ಇಲ್ಲಿಯಾದರೂ ಹಾಗಾಗಬಾರದು ಎಂದು. ಅವನ ನಂತರ ಮಗ, ಆಮೇಲೆ ಮೊಮ್ಮಗ ತಮ್ಮಯ್ಯ, ಈಗ ತಮ್ಮಯ್ಯನ ಮಗಳು ದ್ಯಾವಮ್ಮ. ವರ್ಷದ ಮೊದಲ ಮಂಜಿಗೆ ಈ ಮನೆಯಲ್ಲಿ “ಎಲ್ಲಮ್ಮ ಬಂದ್ಲು” ಎನ್ನುತ್ತಾರೆ. ಅವತ್ತು ಒಂದು ಲೋಟ ಬಿಸಿ ಕಾಫಿ ಏರಿಯ ಮೇಲೆ ಇಡುತ್ತಾರೆ. ಆಮೇಲೆ ಅದನ್ನು ಏನು ಮಾಡುತ್ತೀರಿ ಎಂದೆ. “ಆರೋದ್ರೆ ಯಾರಿಗೆ? ನಾನೇ ಕುಡೀತೀನಿ” ಎಂದರು.

ಎಲ್ಲಮ್ಮ ಎಂಬುವಳು ನಿಜಕ್ಕೂ ಆ ಹಡಗಿನಲ್ಲಿದ್ದಳೋ, ಬೇರೆ ಯಾವುದೋ ಹಡಗಿನ ದುಃಖ ದೊಡ್ಡ ಹೆಸರಿನ ಹಡಗಿಗೆ ಬಂದು ಅಂಟಿಕೊಂಡಿತೋ, ನಾನು ಹುಡುಕಲು ಹೋಗಿಲ್ಲ. ನಾಲ್ಕು ತಲೆಮಾರು ಅತ್ತ ಮೇಲೆ ಪುರಾವೆ ಕೊಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ.

ತಮ್ಮಯ್ಯನವರಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಪೂರ್ತಿ ಹೋಗಿದೆ. ಮನೆಯ ಜಗಲಿಯ ಮೇಲೆ ಕೂತು, ಏರಿಯ ಕಡೆಯಿಂದ ಬರುವ ಹಾರ್ನ್ ಕೇಳುತ್ತಾರೆ. ಯಾವ ಗಾಡಿ ದಾಟಿತು, ಯಾವುದು ಇನ್ನೂ ಬರಬೇಕು ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾರೆ. ಎಲ್ಲ ದಾಟಿದ ಮೇಲೆಯೇ ಬಾಯಿಗೆ ಕಾಫಿ.

“ನಾವು ಆ ಕೆರೇಲಿ ಕೊಡ ಅದ್ದಂಗಿರ್ಲಿಲ್ಲ, ಗೊತ್ತಾ?” ಎನ್ನುತ್ತಾರೆ. “ಆದ್ರೆ ಮಂಜು ಬಿದ್ರೆ ಮೇಲ್ಗೇರಿಯೋರೇ ಆಳು ಕಳಿಸೋರು, ತಮ್ಮಯ್ಯ ನಿಂತವ್ನೇನ್ಲಾ ನೋಡ್ಕೊಂಡ್ ಬಾ ಅಂತ. ನಮ್ಮ ಕೈ ನೀರು ಬ್ಯಾಡ, ನಮ್ಮ ಕೈ ಬೆಳಕು ಬೇಕು!” ಹೀಗೆಂದು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾರೆ. ಕಹಿಯಿರಬೇಕಾದ ಕಡೆ ಈ ಮುದುಕ ನಗುವುದು ಹೇಗೆ ಎಂದು ನನಗೆ ಅರ್ಥವಾಗಲಿಲ್ಲ. ಅವರ ಹಿಂದಿನ ಗೋಡೆಯ ಮೇಲೆ ಬುದ್ಧನ ಪಟ. ಮಗಳ ಮಗಳಿಗೆ ಯಶೋಧರಾ ಎಂದು ಹೆಸರಿಟ್ಟವರೂ ಇವರೇ.

ತಮ್ಮಯ್ಯ ದೀಪ ಹಿಡಿದು ನಿಂತಷ್ಟು ಕಾಲ ಏರಿಯಿಂದ ಕೆರೆಗೆ ಬಿದ್ದದ್ದು ಒಂದೇ ಗಾಡಿಯಂತೆ. ಅದೂ ದ್ಯಾವಮ್ಮನ ಮದುವೆಯ ದಿನ. ಮಗಳ ಮದುವೆ ಎಂದು ಅಪ್ಪ ಏರಿಗೆ ಹೋಗಲಿಲ್ಲ, ಆ ಮದುವೆಗೇ ಬರುತ್ತಿದ್ದ ವಾಲಗದವರ ವ್ಯಾನು ನೀರಿಗಿಳಿಯಿತು! ಪುಣ್ಯಕ್ಕೆ ಅಂಚಿನ ಕೆಸರಿನಲ್ಲಿ ಹೂತು ನಿಂತಿತು, ಎಲ್ಲರೂ ಈಜಿ ದಡ ಸೇರಿದರು. “ಡೋಲು ಒಂದೇ ತೇಲ್ಕೊಂಡು ಹೋಗಿತ್ತು, ಈಜಿ ಹಿಡ್ಕೊಂಡ್ ಬಂದ್ರು” ಎಂದು ದ್ಯಾವಮ್ಮ ನಗುತ್ತಾರೆ. “ತಾಳಿ ಕಟ್ಟೋವಾಗ ಡೋಲಿನವನು ಬಡೀತಾನೆ, ಬಡೀತಾನೆ, ಒದ್ದೆ ಚರ್ಮ, ಸದ್ದೇ ಇಲ್ಲ. ಗಟ್ಟಿಮೇಳ ಅಂದ್ರೆ ಜನ ಬಾಯಲ್ಲೇ ಡುಂ ಡುಂ ಅಂದ್ರು.”

ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಪೇಪರಿಗೆ ಬರೆಯುತ್ತೇನೆಂದು ಹೇಳಿ ಎರಡನೇ ಸಲ ಹೋದಾಗ ದ್ಯಾವಮ್ಮ ಮೊದಲಿನ ಹಾಗಿರಲಿಲ್ಲ. ಮಾತಿಗೆ ಕೂತವರು ಕಂಬಳಿಯ ಅಂಚನ್ನು ಹಿಂಜುತ್ತಾ ಇದ್ದರು. ಕೊನೆಗೆ ಮಗಳು ಯಶೋಧರಾಳನ್ನೇ ಕರೆದು, “ನೀನೇ ಯೋಳೇ” ಎಂದರು. ಯಶೋಧರಾ ಹಳೇಬೀಡಿನಲ್ಲಿ ಶಾಲಾ ಶಿಕ್ಷಕಿ. ರಜೆಗೆ ಬಂದಿದ್ದರು.

“ಹೋದ ವರ್ಷ ಮಕ್ಕಳಿಗೆ ಪಾಠ ಮಾಡೋಕೆ ಅಂತ ಟೈಟಾನಿಕ್ ಬಗ್ಗೆ ಓದಿದೆ ಸರ್” ಎಂದರು ಯಶೋಧರಾ. “ನಮ್ಮ ಮನೆ ಕಥೆ ಅಲ್ವಾ, ಖುಷಿಯಿಂದ ಓದ್ತಾ ಹೋದೆ. ನೋಡಿದ್ರೆ ಅದು ಮಂಜುಗಡ್ಡೆ. ಐಸು. ನೀರಲ್ಲಿ ತೇಲ್ತಿದ್ದ ಐಸಿನ ಗುಡ್ಡ. ಅವತ್ತು ರಾತ್ರಿ ಮಂಜೇ ಇರ್ಲಿಲ್ಲ ಸರ್. ಆಕಾಶದ ತುಂಬ ನಕ್ಷತ್ರ ಇತ್ತಂತೆ. ಅವ್ವನಿಗೆ ಹೇಳ್ಬಿಟ್ಟೆ. ಹೇಳಬಾರದಿತ್ತೇನೋ.”

ಒಂದು ಮಾತು, ಎರಡು ಅರ್ಥ. ಬಟ್ಲರ್ ತಪ್ಪು ಹೇಳಿರಲಿಲ್ಲ, ಹಲಗಯ್ಯ ತಪ್ಪು ಕೇಳಿಸಿಕೊಂಡಿರಲಿಲ್ಲ. ಆದರೂ ಇಲ್ಲದ ಮಂಜಿಗೆ ಒಂದು ಮನೆ ನಾಲ್ಕು ತಲೆಮಾರು ದೀಪ ಹಿಡಿದಿತ್ತು.

“ನನಗೇನೂ ಇಲ್ಲ” ಎಂದರು ದ್ಯಾವಮ್ಮ. “ನಾನು ಏರಿ ಮೇಲೆ ಮಕ್ಕಳ ವ್ಯಾನು ನೋಡ್ತೀನಿ, ನಿಲ್ತೀನಿ. ಅಪ್ಪನದು ಅಂಗಲ್ಲ. ಅವನು ಹುಟ್ಟಿದಾಗಿಂದ ಕೇಳಿರೋದೇ ಇದು, ಎಲ್ಲಮ್ಮ ಮಂಜಲ್ಲಿ ಹೋದ್ಲು ಅಂತ. ಕಣ್ಣು ಹೋಯ್ತು, ಕಾಲು ಹೋಯ್ತು, ಉಳಿದಿರೋದು ಅದೊಂದೇ. ನಿನ್ನ ತಾತ ತಪ್ಪು ತಿಳ್ಕೊಂಡಿದ್ದ, ನೀನು ಸುಮ್‌ಸುಮ್ಕೆ ನಿಂತಿದ್ದೆ ಅಂತ ಎಂಗೆ ಯೋಳ್ಲಿ?”

ವರ್ಷವಿಡೀ ಅವರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಈಗ ನಾನೊಬ್ಬ ಬಂದಿದ್ದೆ, ಬರೆದುಕೊಳ್ಳಲು. ಭಾನುವಾರದ ಪೇಪರನ್ನು ಹೋಟೆಲ್ಲಿನ ಜಯದೇವಪ್ಪ ತಂದು ತಮ್ಮಯ್ಯನವರಿಗೆ ಗಟ್ಟಿಯಾಗಿ ಓದಿ ಹೇಳುವುದು ವಾಡಿಕೆ. ಈ ಲೇಖನವನ್ನು ಓದದೆ ಬಿಡುತ್ತಾನೆಯೇ?

“ಮಂಜು ಅಂತಲೇ ಬರ್ದ್‌ಬಿಡಿ ಸಾಮಿ” ಎಂದರು ದ್ಯಾವಮ್ಮ. “ನಿಮ್ಗೇನು ನಷ್ಟ?”

ನಿಜ ಹೇಳುತ್ತೇನೆ, ಹಾಗೇ ಬರೆದುಬಿಡೋಣ ಅನ್ನಿಸಿತು. ಆದರೆ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿಯನ್ನು ಸುಳ್ಳು ಬರೆದರೆ, ಓದಿದವರು ನಗುವುದು ನನ್ನನ್ನಲ್ಲ, ಈ ಮನೆಯನ್ನು. ಬರೆಯುವುದೇ ಬೇಡ ಬಿಡಿ, ನನಗೇನೂ ಬೇಜಾರಿಲ್ಲ ಎಂದೆ. ದ್ಯಾವಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡರು.

“ಬ್ಯಾಡ, ಬರೀರಿ. ಅಪ್ಪನ ಹೆಸರು ಪೇಪರಲ್ಲಿ ಬರ್ಲಿ. ಆದ್ರೆ ಜಯದೇವಪ್ಪನ ಬಾಯಲ್ಲಿ ಕೇಳೋದು ಬ್ಯಾಡ. ನಾನೇ ಯೋಳ್ತೀನಿ. ನೀವು ಬನ್ನಿ, ನಿಂತ್ಕಳಿ. ನಂಗೆ ಧೈರ್ಯ ಸಾಲ್ದು.”

ಸಂಜೆ ಬಿಸಿಲು ಜಗಲಿಯ ಮೇಲಿತ್ತು. ತಮ್ಮಯ್ಯ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದರು. ದ್ಯಾವಮ್ಮ ಅವರ ಕಾಲ ಬುಡದಲ್ಲಿ ಕೂತು, ಎರಡೂ ಪಾದ ಹಿಡಿದುಕೊಂಡು ಹೇಳಿದರು. ಐಸು ಎಂದರು. ಅದು ತೇಲುವ ಗುಡ್ಡ ಎಂದರು. ಅವತ್ತು ಮಂಜು ಇರಲೇ ಇಲ್ಲವಂತೆ ಅಪ್ಪ ಎನ್ನುವಾಗ ದನಿ ಒಡೆಯಿತು. ಬಾಗಿಲಲ್ಲಿ ನಿಂತ ಯಶೋಧರಾ ಆಗಲೇ ಅಳುತ್ತಿದ್ದರು.

ನಾನು ಬಂದದ್ದೇ ತಪ್ಪಾಯಿತು ಅಂದುಕೊಂಡೆ. ತಮ್ಮಯ್ಯ ಮಗಳ ಕಡೆ ಮುಖ ತಿರುಗಿಸಿ ಕೇಳಿದರು: “ಮಂಜಿರ್ಲಿಲ್ವಾ?”

“ಇಲ್ಲ ಅಪ್ಪ.”

“ಅಂಗಾರೆ ಅವಳ್ಗೆ ಕಾಣ್ತಿತ್ತಾ?”

“ಏನು?”

“ಎಲ್ಲಾನೂ ಕಣವ್ವ. ಆಕಾಶ, ಚುಕ್ಕಿ, ಪಕ್ಕದಲ್ಲಿರೋರ ಮಖ.”

“ಕಾಣ್ತಿತ್ತಂತೆ. ಆಕಾಶದ ತುಂಬಾ ಚುಕ್ಕಿ ಇದ್ವಂತೆ.”

ತಮ್ಮಯ್ಯನವರ ಮುಖ ಸಡಿಲವಾಯಿತು. ಕುರುಡುಗಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಸದ್ಯ” ಎಂದರು. “ಸದ್ಯ ಕಣೆ. ಏನೂ ಕಾಣ್ದೆ ತಡವರಿಸ್ಕೊಂಡು ಹೋದ್ಲಲ್ಲ ಎಲ್ಲಮ್ಮ ಅಂತ ನಮ್ಮಪ್ಪ ಸಾಯೋ ಗಂಟ ಅತ್ತ. ನಂಗೂ ಕಣ್ಣು ಹೋದ ಮ್ಯಾಲೆ ದಿನಾ ಅದೇ ಯೋಚ್ನೆ. ಕಾಣ್ತಿತ್ತಾ? ಒಳ್ಳೇದಾಯ್ತು ಬಿಡು.”

ನನಗೂ ತಡೆಯಲಾಗಲಿಲ್ಲ. ದ್ಯಾವಮ್ಮ ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ, ಒಂದು ವರ್ಷದ ಅಳುವನ್ನು ಅಲ್ಲೇ ಅತ್ತು ಮುಗಿಸಿದರು. ಆಮೇಲೆ ಮೂಗು ಸೀಟಿಕೊಂಡು, ಮಗುವಿನ ಹಾಗೆ ಕೇಳಿದರು: “ಅಂಗಾರೆ ನಾಳಿಕ್ಕೆ ಏನಪ್ಪ?”

“ನಾಳಿಕ್ಕೆ ಏನು?” ಮುದುಕನಿಗೆ ಸಿಟ್ಟೇ ಬಂತು. “ಅಲ್ಲಿ ಮಂಜಿರ್ಲಿಲ್ಲ ಅಂತ ಇಲ್ಲಿ ಬೀಳೋದು ಬಿಡ್ತೈತಾ? ಎದ್ದೋಗಿ ಬ್ಯಾಟ್ರಿ ಚಾರ್ಜಿಗೆ ಹಾಕೇ.”