ನಾಯಿಗೆಂದು ಇಟ್ಟ ಟವೆಲ್ಲು

ನಮ್ಮ ಬಚ್ಚಲುಮನೆಯ ಬಾಗಿಲ ಹಿಂದೆ ಬೂದು ಬಣ್ಣದ ಒಂದು ಟವೆಲ್ಲು ತೂಗುತ್ತಿದೆ. ಅದರ ಮೂಲೆಯಲ್ಲಿ ಬಿಳಿಯ ದಾರದಿಂದ ನಾಯಿಯ ಹೆಜ್ಜೆಯ ಗುರುತನ್ನು ಬಲು ಮುದ್ದಾಗಿ ಹೊಲಿದಿದ್ದಾರೆ. ಅಮೆರಿಕದ ಸುವಾನಿ ಎಂಬ ಊರಿನ ಈ ಮನೆಗೆ ಊಟಕ್ಕೆ ಬಂದವರು ಕೈ ತೊಳೆಯಲು ಒಳಗೆ ಹೋಗಿ, ಅದನ್ನು ಕಂಡು, ಹೊರಗೆ ಬಂದು ಸೋಫಾದ ಅಡಿಗೂ ಮೇಜಿನ ಹಿಂದಕ್ಕೂ ಅಳುಕಿನಿಂದ ಕಣ್ಣಾಡಿಸಿ, "ನಾಯಿ ಎಲ್ಲಿದೆ ಅಂಕಲ್?" ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ಟವೆಲ್ಲು ನನ್ನದು. ಇಷ್ಟು ಹೇಳಿ ಸುಮ್ಮನಾದರೆ ಅವರು ನನ್ನನ್ನು ಒಂದು ಥರ ನೋಡುತ್ತಾರೆ. ಪೂರ್ತಿ ಹೇಳಿದರೆ ಇನ್ನೊಂದು ಥರ ನೋಡುತ್ತಾರೆ. ಎರಡನೆಯದೇ ವಾಸಿ ಎಂದು ಈಚೆಗೆ ಅನ್ನಿಸಿದೆಯಾದ್ದರಿಂದ, ಸ್ನೇಹಿತರೇ, ನಿಮ್ಮ ಮುಂದೆ ಹೇಳಿಬಿಡುತ್ತೇನೆ.

ನಮ್ಮ ಪಕ್ಕದ ಮನೆಯಲ್ಲಿ ಧಾರವಾಡದ ಕಡೆಯ ಡಾಕ್ಟರ್ ಪಾಟೀಲರಿದ್ದರು. ಅವರ ಮನೆಯಲ್ಲಿ ಗುಂಡ್ಯಾ ಇತ್ತು. ಗುಂಡ್ಯಾ ಎಂದರೆ ಕಂದು ಬಣ್ಣದ, ಜೋಲು ಕಿವಿಯ, ವಯಸ್ಸಿಗೆ ತಕ್ಕ ಮಂಡಿನೋವೂ ಇದ್ದ ದೊಡ್ಡ ನಾಯಿ. ನನ್ನ ಮೊಮ್ಮಗಳು ಜೋಯಾ, ಹತ್ತು ವರ್ಷದ ಹುಡುಗಿ, ಶಾಲೆಯ ಬಸ್ಸಿನಿಂದ ಇಳಿದವಳೇ ನಮ್ಮ ಬಾಗಿಲು ಬಿಟ್ಟು ಅವರ ಬೇಲಿಯ ಹತ್ತಿರ ಓಡುತ್ತಿದ್ದಳು. ಹೀಗಿರುವಾಗ ಪಾಟೀಲರಿಗೆ ವರ್ಜೀನಿಯಾದ ರೆಸ್ಟನ್ನಿನಲ್ಲಿ ಕೆಲಸವಾಯಿತು. ಅಲ್ಲಿ ಸಿಕ್ಕ ಅಪಾರ್ಟ್‌ಮೆಂಟಿನಲ್ಲಿ ಅಷ್ಟು ದೊಡ್ಡ ನಾಯಿಗೆ ಅನುಮತಿ ಇರಲಿಲ್ಲ. ಒಂದು ಸಂಜೆ ಬಂದು ಕೂತು, "ಅಂಕಲ್, ಗುಂಡ್ಯಾನ ನೀವ ಇಟ್ಕೊಳ್ರಿ. ಅದಕ್ಕ ಇಂಗ್ಲಿಷ್ ತಿಳಿಯಂಗಿಲ್ಲ, ಕನ್ನಡದವ್ರ ಮನೀನ ಬೇಕ ನೋಡ್ರಿ," ಎಂದರು. ಜೋಯಾ ನನ್ನ ಮುಖವನ್ನೇ ನೋಡುತ್ತಿದ್ದಳು. ನನ್ನ ಮಗ ಇಮ್ರಾನ್ ಜಾಣ. ನೇರವಾಗಿ ಕೇಳಿದರೆ ನಾನು ಸೊಟ್ಟಗಾಗುತ್ತೇನೆಂದು ಬಲ್ಲ. "ಅಬ್ಬಾಜಾನ್, ನಾವು ನಾರ್ತ್ ಕ್ಯಾರೊಲಿನಾಕ್ಕೆ ವೆಕೇಶನ್ ಹೋಗ್ತಾ ಇದೀವಲ್ಲ, ಅಲ್ಲಿಗೆ ಕರ್ಕೊಂಡ್ ಹೋಗಿ ಟ್ರೈ ಮಾಡೋಣ. ಡಾಗ್ ಫ್ರೆಂಡ್ಲಿ ಕಾಟೇಜೇ ಬುಕ್ ಮಾಡಿದೀನಿ," ಎಂದ.

ಹೊರಡುವ ಹಿಂದಿನ ವಾರದವರೆಗೆ ನಾನು ಬಾಯಿ ಬಿಡಲಿಲ್ಲ. ಆಮೇಲೆ ಗಡ್ಡ ನೀವಿಕೊಂಡು, ದನಿಗೆ ಸ್ವಲ್ಪ ಗಾಂಭೀರ್ಯ ಬೆರೆಸಿ, "ನಾಯಿ ಓಡಾಡೋ ಮನೇಲಿ ನನ್ನ ನಮಾಜ್ ಆಗೋದಿಲ್ಲ. ಇದು ದೀನಿನ ಮಾತು, ಧರ್ಮದ ಮಾತು, ನನ್ನ ಮಾತಲ್ಲ," ಎಂದುಬಿಟ್ಟೆ. ಬಿಳಿಗಡ್ಡದ ಮುದುಕ ದೇವರನ್ನು ಮುಂದೆ ನಿಲ್ಲಿಸಿ ಹಿಂದೆ ಅಡಗಿಕೊಂಡರೆ ಯಾರು ತಾನೆ ವಾದಿಸುತ್ತಾರೆ? ಇಮ್ರಾನ್ ಪಾಟೀಲರಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಅಲ್ಲಿಯವರೆಗೆ ಪ್ರತಿ ಸಂಜೆ ತನ್ನ ಪುಟ್ಟ ಜಾನಮಾಜನ್ನು ನನ್ನ ಜಾನಮಾಜಿಗೆ ಅಂಟಿಸಿ ಹಾಸಿಕೊಂಡು ನಮಾಜಿಗೆ ನಿಲ್ಲುತ್ತಿದ್ದ ಜೋಯಾ ಅವತ್ತಿನಿಂದ ತಲೆನೋವೆನ್ನತೊಡಗಿದಳು. ಈ ದೇಶದ ನೀರೇ ಹೀಗೆ, ಮಕ್ಕಳಲ್ಲಿ ಭಕ್ತಿ ನಿಲ್ಲುವುದಿಲ್ಲ ಎಂದು ನಾನು ಹೆಂಡತಿಯ ಮುಂದೆ ಅಮೆರಿಕವನ್ನು ಬೈದೆ. ನನ್ನ ಹೆಂಡತಿ ಕೊಳ್ಳೇಗಾಲದವಳು. ಎಲೆಯಡಿಕೆ ಬಿಟ್ಟಿದ್ದಾಳೆ, ಅದರ ಖಾರವನ್ನು ಬಿಟ್ಟಿಲ್ಲ. "ನೀವು ಕೆಲಸಕ್ಕಿದ್ದ ಬಂಗಲೆ ಹಿತ್ತಲಲ್ಲಿ ಆ ಕುಂಟು ನಾಯಿಗೆ ಕೈಯಾರೆ ಮುದ್ದೆ ಹಾಕ್ತಿದ್ದೋರು ಯಾರ್ರೀ? ಆಗ ನಿಮ್ ದೀನು ರಜಾ ಮೇಲಿತ್ತಾ?" ಎಂದಳು.

ಇಲ್ಲಿ ನಿಜ ಹೇಳಬೇಕು. ನಂಬಿಕೆಯಿಂದಲೇ ನಾನು ಬೇಡವೆಂದಿದ್ದರೆ ಇದನ್ನೆಲ್ಲ ಬರೆಯುವ ಅಗತ್ಯವೇ ಇರಲಿಲ್ಲ. ಆ ವಿಷಯದಲ್ಲಿ ನಿಷ್ಠೆಯಿಂದ ನಡೆಯುವವರು ಇದ್ದಾರೆ, ಅವರಿಗೆ ನನ್ನ ಸಲಾಮು. ಬಲ್ಲವರು ಏನು ಹೇಳುತ್ತಾರೆ, ಕಾವಲಿಗಾದರೆ ಹೇಗೆ, ಹೊರಗಿಟ್ಟರೆ ಹೇಗೆ ಎಂದು ನಾನು ಒಬ್ಬರನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಆಗುತ್ತದೆ ಎಂದುಬಿಡುತ್ತಾರೋ ಎಂಬ ಹೆದರಿಕೆ. ನನ್ನ ಕಾರಣ ಬೇರೆಯೇ ಇತ್ತು, ಅದು ಪ್ರತಿ ಸಂಜೆ ನಮ್ಮ ಕಿಟಕಿಯ ಮುಂದೆಯೇ ಹಾದುಹೋಗುತ್ತಿತ್ತು. ಕೊರೊನಾ ಕಾಲದಲ್ಲಿ ಮನೆಯೊಳಗೆ ಕೂತು ಬೇಸತ್ತವರೆಲ್ಲ ಇಲ್ಲಿ ಒಂದೊಂದು ನಾಯಿ ತಂದರಂತೆ. ಬೇಸರ ಹೋಯಿತು, ನಾಯಿ ಉಳಿಯಿತು, ಅದರ ಹಿಂದೆ ನಡೆಯುವುದಕ್ಕೆ ಊರಿನಿಂದ ಅಪ್ಪಂದಿರು ಬಂದರು. ಒಂದು ಕಾಲಕ್ಕೆ ಬ್ಯಾಂಕು ನಡೆಸಿದವರು, ಕಾಲೇಜಿನಲ್ಲಿ ಪಾಠ ಹೇಳಿದವರು, ಕಚೇರಿಯಲ್ಲಿ ಗಂಟೆ ಬಾರಿಸಿದರೆ ಜವಾನ ಓಡಿಬರುತ್ತಿದ್ದವರು, ಈಗ ಮಂಗನ ಟೋಪಿ ಹಾಕಿಕೊಂಡು, ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು, ನಾಯಿ ನಿಂತಲ್ಲಿ ನಿಂತು, ಅದು ಕೂತು ಎದ್ದ ಮೇಲೆ ಬಗ್ಗಿ ಎತ್ತಿಕೊಂಡು, ಎದುರು ಬಂದವರಿಗೆ "ಹಾಯ್" ಎನ್ನುತ್ತ ನಡೆಯುವ ಮೆರವಣಿಗೆಯನ್ನು ನೀವು ನೋಡಬೇಕು. ಆ ಚೀಲ ನನ್ನ ಕೈಗೆ ಬರುವುದು ಬೇಡ. ಇಷ್ಟೇ ನನ್ನ ಧರ್ಮಶಾಸ್ತ್ರ.

ಅದರ ಹಿಂದೆ ಇನ್ನೂ ಒಂದು ಸಂಗತಿ ಇದೆ. ಸುವಾನಿಯಲ್ಲಿ ಎಲ್ಲರಿಗೂ ನಾನು "ಪಿ.ಡಬ್ಲ್ಯು.ಡಿ.ಯಲ್ಲಿದ್ದೆ" ಎನ್ನುತ್ತೇನೆ. ಅವರು ಇಂಜಿನಿಯರ್ ಎಂದುಕೊಳ್ಳುತ್ತಾರೆ, ನಾನು ತಿದ್ದುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಸೇರಿದ್ದು ಮೈಸೂರು ಕಡೆಯ ಒಂದು ಇನ್ಸ್‌ಪೆಕ್ಷನ್ ಬಂಗಲೆಗೆ, ಖಾನ್ಸಾಮನಾಗಿ. ಅಡಿಗೆ ಮಾಡುವುದು, ಬಡಿಸುವುದು, ಹಾಸಿಗೆ ಹಾಸುವುದು. ನಾಯಿಯನ್ನು ಅತಿಥಿ ಎನ್ನುವ ವಿಚಾರವನ್ನು ಈ ಕಾಟೇಜಿನವರು ಈಗ ಕಂಡುಹಿಡಿದಂತೆ ಕುಣಿಯುತ್ತಾರೆ. ನಮ್ಮಲ್ಲಿ ಅದು ಮೊದಲಿನಿಂದಲೂ ಇತ್ತು. ಸಾಹೇಬರ ಹೆಂಡತಿಯ ತೊಡೆಯ ಮೇಲೆ ಕೂತು ಬರುತ್ತಿದ್ದ ಬಿಳಿ ನಾಯಿಗೆ ಕೋಳಿಯ ಮೂಳೆ ತೆಗೆದು, ಬಿಸಿ ಆರಿಸಿ, ಪಿಂಗಾಣಿ ತಟ್ಟೆಯಲ್ಲಿ ಕೊಡಬೇಕು. ಜೀಪಿನ ಡ್ರೈವರು ಉಂಡನೇ ಎಂದು ಯಾರೂ ಕೇಳುವುದಿಲ್ಲ, ಅವನು ಜೀಪಿನಲ್ಲೇ ಮಲಗುತ್ತಾನೆ. ಆ ನಾಯಿಗಳ ಹಿಂದೆ ತೋಟವೆಲ್ಲ ನಡೆದ ಕಾಲುಗಳು ಇವು. ಮಗ ಓದಿ, ದೇಶ ದಾಟಿ, ನನ್ನನ್ನು ಇಷ್ಟು ಎತ್ತರಕ್ಕೆ ತಂದು ಕೂರಿಸಿದ ಮೇಲೂ ಮತ್ತೆ ನಾಯಿಯ ಹಿಂದೆಯೇ ನಡೆಯುವುದೇ ಎಂದು ಒಳಗೆ ಏನೋ ಸಿಡಿಯಿತು. ಅದನ್ನು ಹಾಗೆಯೇ ಹೇಳಿದ್ದರೆ ಇಮ್ರಾನ್ ಅರ್ಥಮಾಡಿಕೊಳ್ಳುತ್ತಿದ್ದ. ಹೇಳಲು ನಾಚಿಕೆಯಾಯಿತು, ದೇವರ ಹೆಸರು ಹೇಳಲು ನಾಚಿಕೆಯಾಗಲಿಲ್ಲ.

ಅಂತೂ ದಕ್ಷಿಣ ಕ್ಯಾರೊಲಿನಾ ದಾಟಿ ಉತ್ತರ ಕ್ಯಾರೊಲಿನಾದ ಬೆಟ್ಟ ಹತ್ತಿದೆವು, ನಾಯಿಯಿಲ್ಲದೆ, ನಾಯಿಸ್ನೇಹಿ ಕಾಟೇಜಿಗೆ. ಅದರ ಒಡೆಯ ಒಮ್ಮೆ ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ರಜೆ ಕಳೆದು ಬಂದವನಂತೆ; ಬಂದವನೇ ಇಂಗ್ಲೆಂಡನ್ನು ಇಲ್ಲಿ ಮತ್ತೆ ಕಟ್ಟಲು ಕೂತಿದ್ದಾನೆ. ಹುಲ್ಲಿನ ಮಾಡಿನ ಹಾಗೆ ಕಾಣುವ ಪ್ಲಾಸ್ಟಿಕ್ಕಿನ ಮಾಡು, ಗೋಡೆಗೆ ಹಬ್ಬಿದ ಗುಲಾಬಿ, ಒಳಗೆ ತಲೆ ಬಡಿಯಲೆಂದೇ ತಗ್ಗಿಸಿದ ತೊಲೆಗಳು. ಗೋಡೆಯ ಮೇಲೊಂದು ದೊಡ್ಡ ಚಿತ್ರ: ಕೆಂಪು ಕೋಟಿನ ದೊರೆಗಳು ಕುದುರೆ ಏರಿ, ಮುಂದೆ ನಾಯಿಗಳ ಹಿಂಡು ಬಿಟ್ಟು, ಒಂದು ನರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಾರೆ. ನರಿಗಾಗಿ ಆ ಕಾಟೇಜಿನಲ್ಲಿ ಯಾವ ಏರ್ಪಾಡೂ ಇರಲಿಲ್ಲ. ನಾಯಿಗೆ ಮಾತ್ರ ಎಲ್ಲವೂ ಇತ್ತು: ಮೆತ್ತನೆಯ ಹಾಸಿಗೆ, ಡಬ್ಬಿಯಲ್ಲಿ ಬಿಸ್ಕತ್ತು, ನಮ್ಮಲ್ಲಿ ತೀರಿಹೋದ ಹಿರಿಯರ ಫೋಟೋ ಹಾಕುವ ಜಾಗದಲ್ಲಿ ಹಿಂದೆ ಬಂದುಹೋದ ನಾಯಿಗಳ ಫೋಟೋ. ಬಾಗಿಲ ಪಕ್ಕ ಒಂದು ಸ್ಲೇಟು, ಅದರ ಮೇಲೆ ಸೀಮೆಸುಣ್ಣದಲ್ಲಿ ದುಂಡಗೆ: "ವೆಲ್‌ಕಮ್ ಗುಂಡ್ಯಾ ಅಂಡ್ ಫ್ಯಾಮಿಲಿ." ನಾಯಿ ಬರುವುದಿಲ್ಲವೆಂದು ತಿಳಿಸಲು ಇಮ್ರಾನ್ ಮರೆತಿದ್ದ. ಬಾರದ ನಾಯಿಯ ಕುಟುಂಬವಾಗಿ ನಾವು ಒಳಗೆ ಹೋದೆವು. ಜೋಯಾ ಆ ಸ್ಲೇಟಿನ ಮುಂದೆ ನಿಂತಳು, ಓದಿದಳು, ಒಳಗೆ ಬಂದಳು.

ನನಗೆ ಬೇರೆ ಚಿಂತೆ. ಇಂಥ ಇಂಗ್ಲಿಷ್ ಬಚ್ಚಲಿನಲ್ಲಿ ಮನುಷ್ಯನಿಗೆಂದು ಇಟ್ಟಿರುವುದು ಒಂದು ಕಾಗದದ ಸುರುಳಿ. ಚೊಂಬಿಲ್ಲ, ತಗ್ಗಿನ ನಲ್ಲಿಯಿಲ್ಲ. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ವುಜೂ ಮಾಡಬೇಕಲ್ಲ. ಎದೆಯೆತ್ತರದ ಬೇಸಿನ್ನಿಗೆ ಕಾಲೆತ್ತಿ ಇಡುವುದು ಈ ವಯಸ್ಸಿನಲ್ಲಿ ಸರ್ಕಸ್ಸು, ಮನೆಯಲ್ಲೂ ಎರಡು ಸಲ ಬೀಳುವುದು ತಪ್ಪಿದೆ. ಜಾಗ ಹುಡುಕುತ್ತ ಮಧ್ಯಾಹ್ನ ಹಿಂದಿನ ಜಗಲಿಗೆ ಹೋದರೆ, ಅಬ್ಬ, ನನಗೋಸ್ಕರವೇ ಮಾಡಿಟ್ಟ ಹಾಗಿತ್ತು! ಮೆಟ್ಟಿಲ ಬದಲು ಸಣ್ಣ ಇಳಿಜಾರು, ಕಾಲು ಜಾರದ ಚಾಪೆ, ಕೂರಲು ಕಲ್ಲಿನ ಕಟ್ಟೆ, ಕಟ್ಟೆಯ ಮುಂದೆ ಮೊಣಕಾಲೆತ್ತರದ ನಲ್ಲಿ, ತಿರುಗಿಸಿದರೆ ಹದವಾದ ಬಿಸಿನೀರು, ಗೂಟದಲ್ಲಿ ಮಡಿಸಿಟ್ಟ ಹೊಸ ಟವೆಲ್ಲು. ನಮ್ಮೂರ ಮಸೀದಿಯ ನೀರಿನ ಹೌಜಿನ ಕಟ್ಟೆಯ ಮೇಲೆ ಕೂತ ಹಾಗಾಯಿತು. ನೆಮ್ಮದಿಯಾಗಿ ವುಜೂ ಮಾಡಿ, ಮುಖ, ಕೈ, ಗಡ್ಡ, ಕಾಲು ಎಲ್ಲವನ್ನೂ ಆ ಟವೆಲ್ಲಿನಿಂದ ಒರೆಸಿಕೊಂಡು, ಅದನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಬಂದೆ. ಬಂದವನು ಸುಮ್ಮನಿರಬಾರದೇ?

"ನೋಡಿ, ಈ ಮನೆ ಯಜಮಾನ ಎಷ್ಟು ತಿಳಿದೋನು! ನಮ್ಮಂಥವರ ಪದ್ಧತಿ ಗೊತ್ತಿಟ್ಟುಕೊಂಡು ಹಿಂದುಗಡೆ ವುಜೂಗೆ ಜಾಗ ಕಟ್ಟಿಸಿದಾನೆ. ದೊಡ್ಡ ಮನಸ್ಸು ಅಂದ್ರೆ ಇದು," ಎಂದೆ. ಇಮ್ರಾನ್ ನನ್ನ ಹೆಗಲ ಮೇಲಿನ ಟವೆಲ್ಲು ನೋಡಿದ, ನೆಲ ನೋಡಿದ. ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ದಾದಾ," ಎಂದಳು ಜೋಯಾ, "ದಟ್ಸ್ ದ ಡಾಗ್ ವಾಶ್."

"ಏನು?"

"ಅದು ನಾಯಿ ಸ್ನಾನಕ್ಕೆ. ಟವೆಲ್ ಕೂಡ ನಾಯಿಗೆ. ಇಲ್ಲಿ ನೋಡಿ, ಪಾ ಪ್ರಿಂಟ್."

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ಪರವಾಗಿಲ್ಲ ಬಿಡಿ, ಚೆನ್ನಾಗಿ ಒಪ್ಪುತ್ತೆ ನಿಮಗೆ," ಎಂದು ನಕ್ಕಳು, ಇಮ್ರಾನೂ ನಕ್ಕ. ಜೋಯಾ ನಗಲಿಲ್ಲ. "ಗುಂಡ್ಯಾ ನಲ್ಲಿ ನೀವು ಯೂಸ್ ಮಾಡಬಹುದು, ಗುಂಡ್ಯಾ ಬರಬಾರದು. ದಟ್ಸ್ ನಾಟ್ ಫೇರ್," ಎಂದಳು. ಆಮೇಲೆ, ತುಂಬ ದಿನದಿಂದ ಇಟ್ಟುಕೊಂಡಿದ್ದನ್ನು ಕೆಳಗಿಡುವವಳ ಹಾಗೆ, "ಅಲ್ಲಾಗೆ ನಾಯಿ ಇಷ್ಟ ಇಲ್ಲ ಅಂದ್ರೆ ಯಾಕೆ ಅಷ್ಟು ಒಳ್ಳೆದಾಗಿ ಮಾಡಿದ? ಹೀ ಈಸ್ ಮೀನ್, ಕೆಟ್ಟವನು. ನಾನು ಅವನ ಜೊತೆ ಮಾತಾಡಲ್ಲ," ಎಂದಳು.

ಆಗ ತಿಳಿಯಿತು ನನಗೆ, ಅವಳ ತಲೆನೋವು ಎಂಥದೆಂದು. ನೀರಿನ ದೋಷವೂ ಅಲ್ಲ, ಅಮೆರಿಕದ ದೋಷವೂ ಅಲ್ಲ. ನಾನು ಹೊರಬೇಕಾದ ಸಿಟ್ಟನ್ನು ಮಗುವಿನ ಕೈಯಲ್ಲಿ ಮೇಲಕ್ಕೆ ಕಳಿಸಿದ್ದೆ. ಒಂದು ಪ್ಲಾಸ್ಟಿಕ್ ಚೀಲ ಹಿಡಿಯುವುದು ತಪ್ಪಲೆಂದು ಹತ್ತು ವರ್ಷದ ಹುಡುಗಿಗೂ ಅವಳ ದೇವರಿಗೂ ಜಗಳ ತಂದಿಟ್ಟಿದ್ದೆ.

ಟವೆಲ್ಲನ್ನು ಹೆಗಲಿನಿಂದ ತೆಗೆಯದೆಯೇ ಅವಳ ಪಕ್ಕ ಕೂತೆ. "ಅವನು ಹೇಳಲಿಲ್ಲ ಬೇಟಾ, ಹೇಳಿದ್ದು ನಾನು," ಎಂದೆ. ಬಂಗಲೆ, ಸಾಹೇಬರು, ಅವರ ಬಿಳಿ ನಾಯಿಗಳು, ಹಿತ್ತಲಿನ ಕುಂಟು ನಾಯಿ, ಸಂಜೆಯ ಮೆರವಣಿಗೆ, ನನ್ನ ಜಂಬ, ಎಲ್ಲ ಹೇಳಿದೆ. ಇಂಗ್ಲಿಷು ಸಾಲದ ಕಡೆ ಇಮ್ರಾನ್ ಸೇರಿಸಿದ. ತನ್ನ ಅಪ್ಪ ನಾಯಿಗಳಿಗೆ ಕೋಳಿ ಆರಿಸಿ ಕೊಡುತ್ತಿದ್ದ ಎಂಬುದನ್ನು ಅವನೂ ಅವತ್ತೇ ಕೇಳಿದ್ದು.

"ಸೋ ಇಟ್ ವಾಸ್ ಜಸ್ಟ್ ಯು?" ಎಂದಳು ಜೋಯಾ.

"ನಾನೊಬ್ಬನೇ."

"ಹಾಗಾದ್ರೆ ಪಾಟೀಲ್ ಅಂಕಲ್‌ಗೆ ಫೋನ್ ಮಾಡಿ. ಈಗಲೇ."

ಮಾಡಿದೆ. ಚೀಲ ಹಿಡಿಯಲು ನಾನು ನಿಜವಾಗಿಯೂ ಸಿದ್ಧನಾಗಿದ್ದೆ. ಇದನ್ನು ನೀವು ನಂಬಬೇಕು. "ಅಯ್ಯ ಅಂಕಲ್," ಎಂದರು ಪಾಟೀಲರು, "ನಿನ್ನೆ ಸಂಜೀಕನ ಷಾರ್ಲಟ್‌ಗೆ ಹೋಗಿ ಕೊಟ್ಟ್ ಬಂದ್ವಿರೀ. ಚಲೋ ಮಂದಿ ಅದಾರ, ದೊಡ್ಡ ಅಂಗಳ ಐತಿ. ಇಂಗ್ಲಿಷ್ ಕಲಿಸ್ತಾರಂತ ಗುಂಡ್ಯಾಗ. ನೀವು ಒಂದ್ ದಿನ ಮೊದಲ ಹೇಳಿದ್ರ..." ಫೋನಿನ ಸ್ಪೀಕರು ಹಾಕಿತ್ತು. ಜೋಯಾ ಎಲ್ಲವನ್ನೂ ಕೇಳಿದಳು. ಬಹಳ ಹೊತ್ತು ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, "ಓಕೆ. ನನಗೆ ಸಿಟ್ಟು ನಿಮ್ಮ ಮೇಲೆ. ನಿಮ್ಮ ಮೇಲೆ ಮಾತ್ರ," ಎಂದು ಎದ್ದುಹೋದಳು. ಆ "ಮಾತ್ರ" ಎಂಬುದು ನನಗೆ ಎಷ್ಟು ಸಮಾಧಾನ ತಂದಿತೆಂದು ನಾನು ಯಾರಿಗೂ ಹೇಳಿಲ್ಲ.

ಅಲ್ಲಿದ್ದ ಉಳಿದ ದಿನಗಳಲ್ಲೆಲ್ಲ ನಾನು ನಾಯಿಯ ನಲ್ಲಿಯಲ್ಲೇ ವುಜೂ ಮಾಡಿದೆ, ಕಟ್ಟೆಯನ್ನು ಮೊದಲು ಚೆನ್ನಾಗಿ ತೊಳೆದುಕೊಂಡು. ಸ್ನೇಹಿತರೇ, ಹೇಳಲು ಮುಜುಗರವಾಗುತ್ತದೆ, ಆದರೆ ಈ ದೇಶಕ್ಕೆ ಬಂದ ಮೇಲೆ ನನ್ನ ಮಂಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಜಾಗ ಅದೊಂದೇ. ಮುದಿ ನಾಯಿಗೂ ಮುದಿ ಮನುಷ್ಯನಿಗೂ ಬೇಕಾದ್ದು ಒಂದೇ: ಇಳಿಜಾರು, ಬಿಸಿನೀರು, ಜಾರದ ನೆಲ, ಒರೆಸಿಕೊಳ್ಳಲು ಒಂದು ಬಟ್ಟೆ. ವ್ಯತ್ಯಾಸವೆಂದರೆ ನಾಯಿಯ ಹೆಸರು ಹೇಳಿದರೆ ಇವುಗಳಿಗೆ ಬಾಡಿಗೆ ಹುಟ್ಟುತ್ತದೆ. ಗುಂಡ್ಯಾನ ಮಂಡಿಗೂ ಆ ಇಳಿಜಾರು ಹಿತವಾಗಿರುತ್ತಿತ್ತು. ಇಬ್ಬರು ಮುದುಕರಿಗೆ ಜಾಗವಿದ್ದ ಮನೆಯಲ್ಲಿ ಒಬ್ಬನನ್ನು ನಾನು ಹೊರಗೆ ನಿಲ್ಲಿಸಿದ್ದೆ.

ಸುವಾನಿಗೆ ಮರಳಿ ಪೆಟ್ಟಿಗೆ ಬಿಚ್ಚಿದಾಗ ಜಾನಮಾಜಿನ ಮಡಿಕೆಯಲ್ಲಿ ಆ ಟವೆಲ್ಲು ಸಿಕ್ಕಿತು. ನನ್ನ ಹೆಗಲ ಮೇಲೆಯೇ ಇರುತ್ತಿತ್ತಲ್ಲ, ನನ್ನದೇ ಎಂದು ಹೆಂಡತಿ ತುಂಬಿಬಿಟ್ಟಿದ್ದಳಂತೆ. ಇಮ್ರಾನ್ ಕಾಟೇಜಿನ ಒಡೆಯನಿಗೆ ಕ್ಷಮೆ ಕೇಳಿ ಸಂದೇಶ ಕಳಿಸಿದ. ಅವನು ದೊಡ್ಡ ಮನಸ್ಸಿನವನೇ ಸರಿ, "ಗುಂಡ್ಯಾಗೆ ಇಷ್ಟವಾಯಿತಲ್ಲ, ಸಂತೋಷ. ಅವನೇ ಇಟ್ಟುಕೊಳ್ಳಲಿ," ಎಂದು ಉತ್ತರ ಬರೆದ. ಅವನೇ ಇಟ್ಟುಕೊಂಡಿದ್ದಾನೆ.

ಜೋಯಾಳ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕೆಂಬ ಆತುರ ನನಗೂ ಇಲ್ಲ. ನನ್ನ ಮೇಲೆಯೇ ಇರುವಷ್ಟು ದಿನ ಇರಲಿ. ಆದರೆ ಮೊನ್ನೆ ಸಂಜೆ ನಾನು ಕಾಲು ತೊಳೆದು, ಈ ಬೂದು ಟವೆಲ್ಲಿನಲ್ಲಿ ಒರೆಸಿಕೊಂಡು ಬಂದು ಜಾನಮಾಜು ಹಾಸಿದಾಗ, ಅವಳು ತನ್ನದನ್ನೂ ತಂದಳು. ಮೊದಲಿನ ಹಾಗೆ ನನ್ನದಕ್ಕೆ ಅಂಟಿಸಲಿಲ್ಲ. ನಡುವೆ ದೊಡ್ಡದೊಂದು ನಾಯಿ ಮಲಗುವಷ್ಟು ಜಾಗ ಬಿಟ್ಟು ಹಾಸಿಕೊಂಡು, ನಮಾಜಿಗೆ ನಿಂತಳು.